ಅಪಘಾತದ ಬಿಲ್ ಯಾರ ಹೆಸರಿಗೆ?

ರಸ್ತೆ ಅಪಘಾತದಲ್ಲಿ ಕಾಲು ಮುರಿದುಕೊಂಡವರ ಆಸ್ಪತ್ರೆ ಖರ್ಚನ್ನು ಕಾನೂನಿನ ಪ್ರಕಾರ ಹೊರಬೇಕಾದವರು ತಪ್ಪಿತಸ್ಥ ವಾಹನದ ಮಾಲೀಕರು ಮತ್ತು ಅವರ ಪರವಾಗಿ ವಿಮಾ ಕಂಪನಿ. ಈ ವಿಷಯದಲ್ಲಿ ತಕರಾರೇನೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿರುವುದೇ ಈ ಕಾರಣಕ್ಕೆ: ದಾರಿಹೋಕನಿಗೆ ಆದ ನಷ್ಟವನ್ನು ತುಂಬಿಕೊಡುವ ಶಕ್ತಿ ವಾಹನ ಓಡಿಸುವವನಿಗೆ ಇಲ್ಲದೇ ಹೋದರೂ ಅವನ ಹಿಂದೆ ಒಂದು ಕಂಪನಿ ನಿಂತಿರಲಿ ಎಂದು. ಆದರೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಈ ಕಂಪನಿಯ ಸುಳಿವೇ ಇರುವುದಿಲ್ಲ. ಬಿಲ್ ತಯಾರಾಗುವುದು ಗಾಯಾಳುವಿನ ಹೆಸರಿನಲ್ಲಿ, ಅಡ್ವಾನ್ಸ್ ಕೇಳುವುದು ಅವರ ಮನೆಯವರನ್ನು. ಅವರು ಮೊದಲು ಸಾಲ ಸೋಲ ಮಾಡಿ ಕಟ್ಟಬೇಕು, ಒಂದೊಂದು ಔಷಧದ ಚೀಟಿಯನ್ನೂ ಜೋಪಾನ ಮಾಡಬೇಕು, ವಕೀಲರನ್ನು ಹಿಡಿಯಬೇಕು, ಅಪಘಾತ ಪರಿಹಾರ ನ್ಯಾಯಮಂಡಳಿಯ ಎದುರು ಅದೇ ಬಿಲ್ಲುಗಳನ್ನು ಒಂದೊಂದಾಗಿ ರುಜುವಾತು ಮಾಡಬೇಕು. ವರ್ಷಗಳು ಕಳೆದ ಮೇಲೆ ವಿಮಾ ಕಂಪನಿ ಆ ಹಣವನ್ನು ಠೇವಣಿ ಇಡುತ್ತದೆ. ಹಣ ಎಲ್ಲಿಂದ ಬರಬೇಕು ಎನ್ನುವುದು ಮೊದಲ ದಿನವೇ ಗೊತ್ತಿರುವಾಗ ಇಷ್ಟು ಸುತ್ತು ಏಕೆ? ಆಸ್ಪತ್ರೆಯ ಬಿಲ್ ನೇರವಾಗಿ ವಾಹನ ವಿಮೆಯ ಕಡೆಗೇ ಹೋಗಬೇಕು, ಅದೂ ಮೊದಲ ಕೆಲವು ದಿನಗಳ ಮಟ್ಟಿಗಲ್ಲ, ಚಿಕಿತ್ಸೆ ಮುಗಿಯುವವರೆಗೆ. ಇದು ನನ್ನ ವಾದ.

ಈ ಸುತ್ತುದಾರಿಯ ಬೆಲೆ ಎಷ್ಟು ಎಂದು ಲೆಕ್ಕ ಹಾಕಿ ನೋಡಬಹುದು. ಗಾರೆ ಕೆಲಸದ ಒಬ್ಬರ ತೊಡೆಮೂಳೆ ಮುರಿದಿದೆ, ರಾಡ್ ಹಾಕಿಸಿದ್ದಾರೆ, ಬಿಲ್ ಮೂರು ಲಕ್ಷ ರೂಪಾಯಿ ಆಗಿದೆ ಎಂದಿಟ್ಟುಕೊಳ್ಳಿ. ಮನೆಯವರು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ತಂದರೆ ತಿಂಗಳಿಗೆ ಒಂಬತ್ತು ಸಾವಿರ ಬಡ್ಡಿ. ಮೂರು ವರ್ಷಕ್ಕೆ 3,24,000 ರೂಪಾಯಿ. ನ್ಯಾಯಮಂಡಳಿ ವಾರ್ಷಿಕ ಶೇ 6ರ ಬಡ್ಡಿ ಸೇರಿಸಿ ತೀರ್ಪು ಕೊಟ್ಟರೆ ಅದೇ ಮೂರು ವರ್ಷಕ್ಕೆ ಸಿಗುವ ಬಡ್ಡಿ 54,000 ರೂಪಾಯಿ. ವ್ಯತ್ಯಾಸ 2,70,000, ಅಂದರೆ ಚಿಕಿತ್ಸೆಯ ಖರ್ಚಿಗೆ ಹೆಚ್ಚುಕಡಿಮೆ ಸಮನಾದ ಇನ್ನೊಂದು ನಷ್ಟ. ಇದು ಅಪಘಾತದಿಂದ ಆದದ್ದಲ್ಲ, ಬಿಲ್ಲನ್ನು ತಪ್ಪು ವಿಳಾಸಕ್ಕೆ ಕಳಿಸಿದ್ದರಿಂದ ಆದದ್ದು. ಮೂರು ರೂಪಾಯಿ ಬಡ್ಡಿ ನಮ್ಮ ಊರುಗಳಲ್ಲಿ ಸಾಧಾರಣ ದರ. ಮೀಟರ್ ಬಡ್ಡಿಯ ಕೈಗೆ ಸಿಕ್ಕವರ ಲೆಕ್ಕವನ್ನು ನಾನು ಹಾಕಲು ಹೋಗಿಲ್ಲ. ಇದರ ಜತೆಗೆ ಪರಿಹಾರದ ಮೊತ್ತದಲ್ಲಿ ಇಂತಿಷ್ಟು ಪಾಲು ಎಂದು ಮಾತಾಡಿಕೊಳ್ಳುವ ವಕೀಲಿ ಶುಲ್ಕ ಬೇರೆ. ವಕೀಲರ ಪರಿಷತ್ತಿನ ನಿಯಮಗಳಲ್ಲಿ ಅದಕ್ಕೆ ಅವಕಾಶವಿಲ್ಲ, ಆದರೆ ಕೋರ್ಟಿನ ಆವರಣದಲ್ಲಿ ಅದು ಗುಟ್ಟೇನೂ ಅಲ್ಲ.

ಗಾಯಾಳುವಿಗೆ ಚಿಕಿತ್ಸೆ ನಿರಾಕರಿಸಬಾರದು ಎಂಬ ಮಾತನ್ನು ನಮ್ಮ ಕಾನೂನು ಬಹಳ ಹಿಂದೆಯೇ ಹೇಳಿದೆ. ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್, ಪೊಲೀಸ್ ಕಾಗದಪತ್ರಗಳಿಗಾಗಿ ಕಾಯದೆ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿಯೊಬ್ಬ ವೈದ್ಯರ ಹೊಣೆ ಎಂದಿತು. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ, ತುರ್ತು ಸಂದರ್ಭದಲ್ಲಿ ಮುಂಗಡಕ್ಕಾಗಿ ಪಟ್ಟು ಹಿಡಿಯಬಾರದು ಎಂದು ವಿಧಿಸಿತು. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಹಣ ಯಾರು ಕೊಡುತ್ತಾರೆ ಎಂಬುದನ್ನು ಮಾತ್ರ ಇವು ಯಾವುವೂ ಹೇಳಲಿಲ್ಲ. ವೆಂಟಿಲೇಟರ್, ರಕ್ತ, ಇಂಪ್ಲಾಂಟ್ ಎಲ್ಲಕ್ಕೂ ದುಡ್ಡು ಸುರಿಯಬೇಕಾದ ಸಣ್ಣ ನರ್ಸಿಂಗ್ ಹೋಂಗೆ ಕರ್ತವ್ಯವನ್ನು ನೆನಪಿಸಿ ಹಣದ ಮೂಲ ತೋರಿಸದೆ ಬಿಟ್ಟರೆ, ಅದು ಗಾಯಾಳುವನ್ನು ಬಾಗಿಲಲ್ಲೇ ನೋಡಿ ‘ಇಲ್ಲಿ ಆ ಸೌಲಭ್ಯ ಇಲ್ಲ, ಬೆಂಗಳೂರಿಗೆ ಕರೆದುಕೊಂಡು ಹೋಗಿ’ ಎಂದು ಸಾಗಹಾಕುವ ದಾರಿ ಹುಡುಕುತ್ತದೆ. ಹಣದ ಮೂಲವನ್ನು ತೋರಿಸಿದ ಮೊದಲಿಗರಲ್ಲಿ ಕರ್ನಾಟಕವೂ ಒಂದು. 2016ರ ಮಾರ್ಚ್‌ನಲ್ಲಿ ಶುರುವಾದ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ, ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುವ ವ್ಯವಸ್ಥೆ ಮಾಡಿತು. ಮೊತ್ತ ಸಣ್ಣದು, ಯೋಚನೆ ಸರಿಯಾದದ್ದು. ಆದರೆ ಇಲ್ಲೂ ಕೊಟ್ಟದ್ದು ತೆರಿಗೆದಾರರ ಹಣ. ಡಿಕ್ಕಿ ಹೊಡೆದ ಲಾರಿಯ ಮಾಲೀಕರಿಂದ ಪ್ರೀಮಿಯಂ ಪಡೆದಿದ್ದ ಕಂಪನಿ ಚಿತ್ರದಿಂದ ಹೊರಗೇ ಉಳಿಯಿತು.

ಅದನ್ನು ಚಿತ್ರದೊಳಗೆ ಎಳೆದು ತಂದದ್ದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ. ಹೊಸ 162ನೇ ಸೆಕ್ಷನ್, ರಸ್ತೆ ಅಪಘಾತದ ಗಾಯಾಳುಗಳ ಚಿಕಿತ್ಸೆಗೆ ಸಾಮಾನ್ಯ ವಿಮಾ ಕಂಪನಿಗಳೇ ಏರ್ಪಾಡು ಮಾಡಬೇಕು, ಗಾಯವಾದ ಮೊದಲ ಒಂದು ಗಂಟೆಯ ಚಿಕಿತ್ಸೆಯೂ ಅದರಲ್ಲಿ ಸೇರಿರಬೇಕು ಎನ್ನುತ್ತದೆ. ಆ ಮೊದಲ ಗಂಟೆಗಾಗಿ ನಗದುರಹಿತ ಯೋಜನೆಯೊಂದನ್ನು ಕೇಂದ್ರ ಸರ್ಕಾರ ರೂಪಿಸಬೇಕು ಎಂದೂ ಹೇಳುತ್ತದೆ. ಈ ಸೆಕ್ಷನ್ ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಂದು. ಆಮೇಲೂ ಯೋಜನೆ ಬರಲಿಲ್ಲ. 2022ನೇ ವರ್ಷವೊಂದರಲ್ಲೇ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಗಾಯಗೊಂಡವರು 4,43,366 ಮಂದಿ; ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಕೊನೆಗೆ 2025ರ ಜನವರಿ 8ರಂದು ಸುಪ್ರೀಂ ಕೋರ್ಟ್ ಮಾರ್ಚ್ 14ರ ಗಡುವು ಕೊಟ್ಟಿತು. ಗಡುವು ಮೀರಿದಾಗ ಸಚಿವಾಲಯದ ಕಾರ್ಯದರ್ಶಿಯನ್ನೇ ಕರೆಸಿ ವಿಚಾರಿಸಿತು. ಮೇ 5ರಂದು ಯೋಜನೆಯ ಅಧಿಸೂಚನೆ ಹೊರಬಿತ್ತು. ಮೋಟಾರು ವಾಹನದಿಂದ ಅಪಘಾತಕ್ಕೀಡಾದ ಯಾರೇ ಆಗಲಿ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಪಡೆಯಬಹುದು. ಆಸ್ಪತ್ರೆ ಆನ್‌ಲೈನ್‌ನಲ್ಲಿ ಕ್ಲೇಮ್ ಸಲ್ಲಿಸುತ್ತದೆ, ಪೊಲೀಸರು ಇದು ಅಪಘಾತವೇ ಹೌದೆಂದು ದೃಢಪಡಿಸುತ್ತಾರೆ, ರಾಜ್ಯದ ಆರೋಗ್ಯ ಏಜೆನ್ಸಿ ಮಂಜೂರು ಮಾಡುತ್ತದೆ. ಹಣ ಬರುವುದು ಮೋಟಾರು ವಾಹನ ಅಪಘಾತ ನಿಧಿಯಿಂದ: ತಪ್ಪಿತಸ್ಥ ವಾಹನಕ್ಕೆ ವಿಮೆ ಇದ್ದರೆ ವಿಮಾ ಕಂಪನಿಗಳು ಕೊಟ್ಟ ವಂತಿಗೆಯ ಪಾಲಿನಿಂದ, ವಿಮೆ ಇಲ್ಲದಿದ್ದರೆ ಅಥವಾ ವಾಹನ ಗುದ್ದಿ ಪರಾರಿಯಾಗಿದ್ದರೆ ಸರ್ಕಾರದ ಬಜೆಟ್ಟಿನಿಂದ.

ಇದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಮೊದಲ ಬಾರಿಗೆ ಬಿಲ್ ಸರಿಯಾದ ದಿಕ್ಕಿಗೆ ತಿರುಗಿದೆ. ಆದರೆ ಎಂಟನೆಯ ದಿನ ಏನಾಗುತ್ತದೆ? ಕೈಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಏಳು ದಿನ ಧಾರಾಳ ಸಾಕು. ತಲೆಗೆ ಪೆಟ್ಟಾಗಿ ಐಸಿಯುನಲ್ಲಿರುವವರಿಗೆ, ಮೂಳೆ ಚರ್ಮ ಸೀಳಿ ಹೊರಬಂದು ಸೋಂಕಾದವರಿಗೆ, ಬೆನ್ನುಹುರಿಗೆ ಏಟಾದವರಿಗೆ ಏಳು ದಿನ ಎಂದರೆ ಚಿಕಿತ್ಸೆಯ ಪೀಠಿಕೆ. ಎರಡನೇ ಶಸ್ತ್ರಚಿಕಿತ್ಸೆ, ಚರ್ಮದ ಕಸಿ, ತಿಂಗಳುಗಟ್ಟಲೆ ಫಿಸಿಯೊಥೆರಪಿ, ವರ್ಷದ ನಂತರ ರಾಡ್ ತೆಗೆಸುವುದು, ಇವೆಲ್ಲ ಆಮೇಲೆ ಬರುವಂಥವು. ಆ ಹೊತ್ತಿಗೆ ಗಾಯಾಳು ದುಡಿಮೆಯನ್ನೂ ಕಳೆದುಕೊಂಡಿರುತ್ತಾರೆ. ಬಿಲ್ ಮತ್ತೆ ಅವರ ಹೆಸರಿಗೆ ತಿರುಗುವುದು ಸರಿಯಾಗಿ ಆಗಲೇ. ತುರ್ತುಸ್ಥಿತಿ ಮುಗಿದ ಕೂಡಲೇ ಹೊಣೆಯೂ ಮುಗಿಯಿತು ಎನ್ನಲು ಕಾಯ್ದೆಯಲ್ಲಿ ಆಧಾರವಿಲ್ಲ. 162ನೇ ಸೆಕ್ಷನ್ ವಿಮಾ ಕಂಪನಿಗಳಿಗೆ ಹೊರಿಸಿದ್ದು ಚಿಕಿತ್ಸೆಯ ಹೊಣೆಯನ್ನು. ಮೊದಲ ಒಂದು ಗಂಟೆ ಅದರ ಭಾಗ ಅಷ್ಟೇ.

ಇನ್ನು ವ್ಯವಸ್ಥೆಯ ಮಾತು. ಬಿಲ್ ಕಳಿಸಲು ಬೇಕಾದ ಮಾಹಿತಿ ವಿಮಾ ಕಂಪನಿಗೆ ತಡವಾಗಿ ತಲುಪುತ್ತದೆ ಎನ್ನುವ ನೆಪವೂ ಈಗ ಉಳಿದಿಲ್ಲ. 2022ರಲ್ಲಿ ಜಾರಿಗೆ ಬಂದ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. 90 ದಿನಗಳೊಳಗೆ ವಿವರವಾದ ವರದಿ ಕೊಡಬೇಕು. ಅಪಘಾತದ ವಿವರ, ವಾಹನದ ಸಂಖ್ಯೆ, ಪಾಲಿಸಿ, ಆಸ್ಪತ್ರೆ ಎಲ್ಲವನ್ನೂ ಒಂದೇ ಕಡೆ ಸೇರಿಸುವ ಇ-ಡಾರ್ ಪೋರ್ಟಲ್ ಇದೆ. ಹೀಗಿರುವಾಗ ಏಳು ದಿನ ಮುಗಿದ ಮೇಲೂ ಅದೇ ಕ್ಲೇಮ್ ಸಂಖ್ಯೆಯಲ್ಲಿ, ಅದೇ ಪ್ಯಾಕೇಜ್ ದರದಲ್ಲಿ, ಈ ಸಲ ನಿರ್ದಿಷ್ಟ ವಾಹನದ ವಿಮಾ ಕಂಪನಿಗೇ ಬಿಲ್ ಕಳಿಸಲು ಆಸ್ಪತ್ರೆಗೆ ಅವಕಾಶ ಕೊಡುವುದು ಕಷ್ಟವೇನಲ್ಲ. ಕಂಪನಿ ಕೊಟ್ಟ ಹಣವನ್ನು ಕೊನೆಗೆ ನ್ಯಾಯಮಂಡಳಿ ನಿಗದಿ ಮಾಡುವ ಪರಿಹಾರದಲ್ಲಿ ವಜಾ ಮಾಡಿಕೊಳ್ಳಲಿ. ದುಡಿಮೆಯ ನಷ್ಟ, ನೋವು, ಶಾಶ್ವತ ಅಂಗವೈಕಲ್ಯ ಇವುಗಳ ಬೆಲೆ ಕಟ್ಟಲು ಸಾಕ್ಷಿ ಬೇಕು, ವಾದ ಬೇಕು, ನ್ಯಾಯಾಧೀಶರ ವಿವೇಚನೆ ಬೇಕು. ಆಸ್ಪತ್ರೆಯ ಬಿಲ್ ಅಂಥದ್ದಲ್ಲ, ಅದೊಂದು ಲೆಕ್ಕದ ಕಾಗದ. ಅದನ್ನು ಆ ಗೋಜಲಿನಿಂದ ಬಿಡಿಸಿದರೆ ಬೆಂಗಳೂರಿನ ಸ್ಮಾಲ್ ಕಾಸಸ್ ಕೋರ್ಟಿನಿಂದ ಹಿಡಿದು ತಾಲ್ಲೂಕು ಕೋರ್ಟುಗಳವರೆಗೆ ನ್ಯಾಯಮಂಡಳಿಗಳ ಹೊರೆಯೂ ಅಷ್ಟು ಹಗುರವಾದೀತು.

ಬೇರೆ ದೇಶಗಳು ಇದನ್ನು ಹೇಗೆ ಮಾಡುತ್ತಿವೆ ಎಂದು ನೋಡಿದರೆ ಎರಡು ಮಾದರಿಗಳು ಗಮನಕ್ಕೆ ಬರುತ್ತವೆ. ಬ್ರಿಟನ್ನಿನಲ್ಲಿ ಗಾಯಾಳುವಿಗೆ ಬಿಲ್ ಎನ್ನುವುದೇ ಇಲ್ಲ. ಸರ್ಕಾರಿ ಆರೋಗ್ಯ ಸೇವೆ ಚಿಕಿತ್ಸೆ ಕೊಡುತ್ತದೆ. ಆದರೆ ಅಲ್ಲಿನ ಸರ್ಕಾರ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಗಾಯಾಳುವಿಗೆ ಪರಿಹಾರ ಸಂದಾಯವಾದಾಗ, ಚಿಕಿತ್ಸೆಗೆ ತಗುಲಿದ ವೆಚ್ಚವನ್ನು ನಿಗದಿತ ದರಪಟ್ಟಿಯಂತೆ ವಿಮಾ ಕಂಪನಿಯಿಂದ ವಸೂಲಿ ಮಾಡಿ ಆಸ್ಪತ್ರೆಗೆ ಕೊಡುತ್ತದೆ. 1999ರ ಕಾಯ್ದೆಯೊಂದು ರಸ್ತೆ ಅಪಘಾತಗಳಿಗೆ ಮಾಡಿದ್ದ ಈ ಏರ್ಪಾಡನ್ನು 2007ರಿಂದ ಇತರ ಗಾಯಗಳಿಗೂ ವಿಸ್ತರಿಸಲಾಯಿತು. ನಮ್ಮಲ್ಲಿ ನಿಮ್ಹಾನ್ಸ್, ಸಂಜಯ ಗಾಂಧಿ ಆಸ್ಪತ್ರೆ, ಜಿಲ್ಲಾಸ್ಪತ್ರೆಗಳು ಅಪಘಾತದ ಗಾಯಾಳುಗಳಿಗೆ ಉಚಿತವಾಗಿ ಅಥವಾ ಅಗ್ಗದ ದರದಲ್ಲಿ ಚಿಕಿತ್ಸೆ ಕೊಟ್ಟಾಗ, ಬಿಪಿಎಲ್ ಕುಟುಂಬಕ್ಕೆ ಆರೋಗ್ಯ ಕರ್ನಾಟಕ ಯೋಜನೆ ಹಣ ಕೊಟ್ಟಾಗ, ಹಾಗೆ ವಸೂಲಿ ಮಾಡುವ ಕಾನೂನು ಇಲ್ಲ. ಬಡವರಿಗೆ ಹೇಗಿದ್ದರೂ ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎಂದು ಕೇಳುವವರು ಇದನ್ನು ಯೋಚಿಸಬೇಕು: ಅಪಘಾತದ ಚಿಕಿತ್ಸೆಗೆ ಸರ್ಕಾರ ಖರ್ಚು ಮಾಡುವ ಪ್ರತಿ ರೂಪಾಯಿಯೂ ಪ್ರೀಮಿಯಂ ವಸೂಲಿ ಮಾಡಿದ ಕಂಪನಿಗೆ ಸಿಗುವ ಸಬ್ಸಿಡಿ. ಇನ್ನೊಂದು ಮಾದರಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ್ದು. ಅಲ್ಲಿ ತಪ್ಪು ಯಾರದೇ ಇರಲಿ, ಗಾಯಾಳುವಿನ ಚಿಕಿತ್ಸೆ ಮತ್ತು ದುಡಿಮೆಯ ನಷ್ಟಕ್ಕೆ ವಾಹನದ ವಿಮೆಯಲ್ಲಿ 50,000 ಡಾಲರ್‌ವರೆಗೆ ಮೂಲ ರಕ್ಷಣೆ ಇರುತ್ತದೆ. ಆಸ್ಪತ್ರೆಗಳು ನೇರವಾಗಿ ವಾಹನ ವಿಮಾ ಕಂಪನಿಗೆ ಬಿಲ್ ಹಾಕುತ್ತವೆ: ಚಿಕಿತ್ಸೆ ಕೊಟ್ಟ 45 ದಿನಗಳೊಳಗೆ ಬಿಲ್ ಸಲ್ಲಿಸಬೇಕು, ಅಗತ್ಯ ದಾಖಲೆಗಳು ಕೈಸೇರಿದ 30 ದಿನಗಳೊಳಗೆ ಕಂಪನಿ ಹಣ ಕೊಡಬೇಕು, ತಡವಾದರೆ ತಿಂಗಳಿಗೆ ಶೇ 2ರ ಬಡ್ಡಿ. ನಮ್ಮ ಮೂರು ರೂಪಾಯಿ ಬಡ್ಡಿಗೆ ಹತ್ತಿರದ ದರ, ಆದರೆ ಅಲ್ಲಿ ಅದನ್ನು ತೆರುವುದು ಗಾಯಾಳುವಲ್ಲ, ಕಂಪನಿ.

ತಪ್ಪು ಯಾರದು ಎಂದು ತೀರ್ಮಾನವಾಗುವ ಮೊದಲೇ ಕಂಪನಿ ಏಕೆ ಹಣ ಕೊಡಬೇಕು ಎಂಬ ಆಕ್ಷೇಪ ಮೇಲ್ನೋಟಕ್ಕೆ ಬಲವಾದದ್ದು. ಆದರೆ ಮೊದಲು ಕೊಟ್ಟು ಆಮೇಲೆ ವಸೂಲಿ ಮಾಡುವ ಪದ್ಧತಿ ನಮ್ಮ ಕಾನೂನಿಗೆ ಹೊಸದಲ್ಲ. ಚಾಲಕನ ಲೈಸೆನ್ಸ್ ನಕಲಿಯಾಗಿದ್ದರೂ ಕಂಪನಿ ಮೊದಲು ಗಾಯಾಳುವಿಗೆ ಪರಿಹಾರ ಕೊಟ್ಟು ನಂತರ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬ ತತ್ವವನ್ನು ಸ್ವರಣ್ ಸಿಂಗ್ ಪ್ರಕರಣದ 2004ರ ತೀರ್ಪು ಗಟ್ಟಿ ಮಾಡಿದೆ. ತಪ್ಪನ್ನು ಸಾಬೀತುಪಡಿಸದೆಯೇ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೊಡಿಸುವ 164ನೇ ಸೆಕ್ಷನ್ ಕೂಡ ಈಗ ಕಾಯ್ದೆಯಲ್ಲಿದೆ. ತಪ್ಪಿನಲ್ಲಿ ಗಾಯಾಳುವಿನ ಪಾಲೂ ಇದೆ ಎಂದು ನ್ಯಾಯಮಂಡಳಿ ಕೊನೆಗೆ ಹೇಳಿದರೆ ಆ ಪಾಲನ್ನು ಇತರ ಪರಿಹಾರದಲ್ಲಿ ಕಡಿತ ಮಾಡಬಹುದು. ಚಿಕಿತ್ಸೆ ಕಾಯಲಾರದು, ಲೆಕ್ಕ ಕಾಯಬಲ್ಲದು.

ಆಸ್ಪತ್ರೆಗಳು ಬಿಲ್ ಉಬ್ಬಿಸುತ್ತವೆ ಎಂಬ ಭಯ ಇದಕ್ಕಿಂತ ನಿಜವಾದದ್ದು, ಇದನ್ನು ತಳ್ಳಿಹಾಕುವುದು ಮೂರ್ಖತನ. ‘ಇನ್ಶೂರೆನ್ಸ್ ಇದೆಯಾ?’ ಎಂಬ ಪ್ರಶ್ನೆಗೆ ಹೌದು ಎಂದರೆ ಕೋಣೆಯ ಬಾಡಿಗೆಯಿಂದ ಹಿಡಿದು ಸ್ಕ್ಯಾನಿಂಗ್‌ವರೆಗೆ ಎಲ್ಲದರ ದರ ಏರುವುದನ್ನು ಆರೋಗ್ಯ ವಿಮೆ ಉಳ್ಳವರು ಬಲ್ಲರು. ಅಮೆರಿಕದ ಮಿಷಿಗನ್ ರಾಜ್ಯದ ಅನುಭವ ಇಲ್ಲಿ ಪಾಠವಾಗಬಲ್ಲದು. ಅಲ್ಲಿ 1970ರ ದಶಕದಿಂದ ಅಪಘಾತದ ಗಾಯಾಳುಗಳಿಗೆ ವಾಹನ ವಿಮೆಯಡಿ ಮಿತಿಯಿಲ್ಲದ, ಜೀವನಪರ್ಯಂತ ಚಿಕಿತ್ಸೆ ಸಿಗುತ್ತಿತ್ತು. ಆದರೆ ಆಸ್ಪತ್ರೆಗಳು ಎಷ್ಟು ದರ ಹಾಕಬಹುದು ಎಂಬುದಕ್ಕೆ ಕಟ್ಟುನಿಟ್ಟಿನ ಪಟ್ಟಿ ಇರಲಿಲ್ಲ. ಪ್ರೀಮಿಯಂ ಇಡೀ ದೇಶದಲ್ಲೇ ಅತಿ ದುಬಾರಿಯಾದವುಗಳ ಸಾಲಿಗೆ ಸೇರಿತು. 2019ರಲ್ಲಿ ಕಾನೂನು ತಿದ್ದಿ, 2021ರಿಂದ ದರಗಳಿಗೆ ಒಮ್ಮೆಲೇ ಕತ್ತರಿ ಹಾಕಿದಾಗ, ವರ್ಷಗಳಿಂದ ಮನೆಯಲ್ಲೇ ಆರೈಕೆ ಪಡೆಯುತ್ತಿದ್ದ ಗಾಯಾಳುಗಳು ಪೇಚಿಗೆ ಸಿಕ್ಕರು. ಹಳೆಯ ಗಾಯಾಳುಗಳಿಗೆ ಈ ಕಡಿತ ಅನ್ವಯಿಸದು ಎಂದು ರಾಜ್ಯದ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಬೇಕಾಯಿತು. ದರಪಟ್ಟಿ ಮೊದಲ ದಿನದಿಂದಲೇ ಇರಬೇಕು ಎನ್ನಲು ಇದಕ್ಕಿಂತ ಪುರಾವೆ ಬೇಕಿಲ್ಲ. ನಮ್ಮ ಅನುಕೂಲವೆಂದರೆ, ಆಯುಷ್ಮಾನ್ ಯೋಜನೆಗಾಗಿ ಸಿದ್ಧಪಡಿಸಿದ ಪ್ಯಾಕೇಜ್ ದರಗಳು ಈಗಾಗಲೇ ಇವೆ. ಈಗಿನ ವ್ಯವಸ್ಥೆಯಲ್ಲಿ ದರ ಪರಿಶೀಲನೆ ನಡೆಯುವುದು ವರ್ಷಗಳ ನಂತರ, ಹಣ ಕಟ್ಟಿದ ಗಾಯಾಳುವನ್ನು ಕಟಕಟೆಯಲ್ಲಿ ನಿಲ್ಲಿಸಿ. ಬಿಲ್ ನೇರವಾಗಿ ಕಂಪನಿಗೆ ಹೋದರೆ ಕೇಳಬೇಕಾದವರು ಕೇಳಬೇಕಾದವರನ್ನೇ ಕೇಳುತ್ತಾರೆ. ಸುಳ್ಳು ಅಪಘಾತಗಳ ಮಾತೂ ಹಾಗೆಯೇ. ಉತ್ತರ ಪ್ರದೇಶದ ನಕಲಿ ಕ್ಲೇಮ್‌ಗಳ ತನಿಖೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮನೆಯಲ್ಲಿ ಜಾರಿಬಿದ್ದವರನ್ನು ತಿಂಗಳ ನಂತರ ಯಾವುದೋ ವಾಹನಕ್ಕೆ ಗಂಟುಹಾಕುವ ದಂಧೆ ಬದುಕುವುದು ವಿಳಂಬದ ಮೇಲೆ. ಅಪಘಾತವಾದ ದಿನವೇ ಆಸ್ಪತ್ರೆ, ಪೊಲೀಸ್, ವಿಮಾ ಕಂಪನಿ ಮೂವರೂ ಒಂದೇ ದಾಖಲೆಯನ್ನು ನೋಡುವಂತಾದರೆ ಆ ದಂಧೆಗೆ ಜಾಗ ಕಡಿಮೆ.

ಪ್ರೀಮಿಯಂ ಏರುವುದಿಲ್ಲವೇ? ಏರಬಹುದು, ಆದರೆ ಜನ ಊಹಿಸುವಷ್ಟಲ್ಲ. ಈ ಹಣವನ್ನು ಕಂಪನಿಗಳು ಬಹುಪಾಲು ಈಗಲೂ ಕೊಡುತ್ತಿವೆ, ತಡವಾಗಿ ಮತ್ತು ಬಡ್ಡಿ ಸಮೇತ. 2022ರ ಜೂನ್‌ನಿಂದ ಜಾರಿಯಾದ ದರಗಳಂತೆ 75ರಿಂದ 150 ಸಿಸಿ ಬೈಕಿನ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 714 ರೂಪಾಯಿ, ಅಂದರೆ ದಿನಕ್ಕೆ ಎರಡು ರೂಪಾಯಿಗಿಂತ ಕಡಿಮೆ. ಅದರ ಮೇಲೆ ಸ್ವಲ್ಪ ಸೇರಿದರೆ ಯಾರೂ ಬೈಕ್ ಮಾರಬೇಕಾಗಿ ಬರುವುದಿಲ್ಲ. ನಿಜವಾದ ತೊಡಕು ಇರುವುದು ಪ್ರೀಮಿಯಂ ಕಟ್ಟದೇ ಇರುವವರಲ್ಲಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷದ ವಿಮೆ ಕಡ್ಡಾಯವಾಗಿದ್ದರೂ ದೇಶದ ರಸ್ತೆಗಳಲ್ಲಿರುವ ವಾಹನಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವಿಮೆಯಿಲ್ಲದೆ ಓಡುತ್ತಿವೆ. ಬೈಕ್ ತಾನಾಗಿ ಜಾರಿ ಬಿದ್ದು ಗಾಯಗೊಂಡ ಸವಾರನಿಗಂತೂ ಥರ್ಡ್ ಪಾರ್ಟಿ ಪಾಲಿಸಿಯಿಂದ ಏನೂ ಸಿಗದು. ಮಾಲೀಕ-ಚಾಲಕನಿಗೆಂದು ಇರುವ 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ, ಆಸ್ಪತ್ರೆ ಖರ್ಚಿಗಲ್ಲ. ಸಾರಿಗೆ ನಿಗಮದ ಬಸ್ಸುಗಳಿಗೆ ವಿಮೆಯಿಂದ ವಿನಾಯಿತಿ ಇದೆ. ಪರಿಹಾರ ಕೊಡಲಿಲ್ಲವೆಂದು ಕೋರ್ಟಿನವರು ಬಸ್ ಜಪ್ತಿ ಮಾಡಿದ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಇಂಥ ಪ್ರಕರಣಗಳಿಗೆಲ್ಲ ಅಪಘಾತ ನಿಧಿಯೇ ಗತಿ, ನಿಗಮಗಳೂ ಅದಕ್ಕೆ ವಂತಿಗೆ ಕೊಡಬೇಕು. ಆದರೆ ಅರ್ಧ ವಾಹನಗಳಿಗೆ ವಿಮೆಯಿಲ್ಲ ಎನ್ನುವುದು ಉಳಿದರ್ಧದ ವಿಮಾ ಕಂಪನಿಗಳನ್ನು ಸುಮ್ಮನೆ ಬಿಡಲು ಕಾರಣವಾಗಲಾರದು.

ಆಸ್ಪತ್ರೆಗಳ ಅಂಜಿಕೆ ಇನ್ನೊಂದು ಬಗೆಯದು: ಸರ್ಕಾರಿ ಯೋಜನೆ ಎಂದರೆ ಬಾಕಿ. ಆಯುಷ್ಮಾನ್ ಹಣ ಬಾರದೆ 2025ರ ಆಗಸ್ಟ್‌ನಲ್ಲಿ ಹರಿಯಾಣದ ಖಾಸಗಿ ಆಸ್ಪತ್ರೆಗಳು ಆ ಯೋಜನೆಯ ಸೇವೆಯನ್ನೇ ನಿಲ್ಲಿಸಿದ್ದವು. ಹಾಗಾಗಿಯೇ ಏಳು ದಿನಗಳ ನಂತರದ ಬಿಲ್ ಖಜಾನೆಯ ಮೂಲಕ ಹೋಗದೆ ನೇರ ವಿಮಾ ಕಂಪನಿಗೆ ಹೋಗಲಿ, ತಡಮಾಡಿದ ಕಂಪನಿ ಆಸ್ಪತ್ರೆಗೆ ಬಡ್ಡಿ ತೆರಲಿ ಎನ್ನುವುದು. ಸ್ವಂತ ಮೆಡಿಕ್ಲೇಮ್ ಪಾಲಿಸಿ ಇದ್ದವರ ಸ್ಥಿತಿಯೂ ಈಗ ಗೊಂದಲದ್ದೇ. ತಮ್ಮ ಪ್ರೀಮಿಯಂನಿಂದ ಪಡೆದ ಆ ಹಣವನ್ನು ಅಪಘಾತ ಪರಿಹಾರದಲ್ಲಿ ಕಳೆಯಬೇಕೇ ಎಂಬುದರಲ್ಲಿ ನ್ಯಾಯಪೀಠಗಳ ನಡುವೆ ಭಿನ್ನಾಭಿಪ್ರಾಯವಿತ್ತು; ಕಳೆಯಕೂಡದು ಎಂದು ಬಾಂಬೆ ಹೈಕೋರ್ಟಿನ ಪೂರ್ಣ ಪೀಠ 2025ರಲ್ಲಿ ಹೇಳಿತು. ವಾಹನ ವಿಮೆಯೇ ಮೊದಲು ಬಿಲ್ ಕಟ್ಟುವುದಾದರೆ ಈ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ.

ಏಳು ದಿನ ಮತ್ತು ಒಂದೂವರೆ ಲಕ್ಷ ಎಂಬ ಎರಡು ಸಂಖ್ಯೆಗಳು ಸಂಸತ್ತು ಬರೆದ ಕಾಯ್ದೆಯಲ್ಲಿ ಇಲ್ಲ. ಅವು ಇರುವುದು ಸಾರಿಗೆ ಸಚಿವಾಲಯ 2025ರ ಮೇ 5ರಂದು ಹೊರಡಿಸಿದ ಅಧಿಸೂಚನೆಯಲ್ಲಿ. ಅವುಗಳನ್ನು ಬದಲಿಸಲು ಇನ್ನೊಂದು ಅಧಿಸೂಚನೆ ಸಾಕು.